ಸಿನಿಮಾ ಫ್ಲೆಕ್ಸಿನಲ್ಲಿ ನಮ್ಮ ಭಾವ

ಮಂಡ್ಯದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಅದಕ್ಕೆ ಮುಂಚೆ ಗೋಡೆಗಳ ಮೇಲೆ ಅಕ್ಷರ ಬರೆಯುತ್ತಿದ್ದೆ. ಗೊಬ್ಬರದ ಜಾಹೀರಾತು, ಬೀಡಿಯ ಜಾಹೀರಾತು, ಚುನಾವಣೆ ಬಂದರೆ ಚಿಹ್ನೆಗಳು. ಬ್ರಷ್ಷಿನ ಕಾಲ ಮುಗಿದು ಮೆಷಿನ್ನು ಬಂದ ಮೇಲೆ ನಾನೂ ಕಂಪ್ಯೂಟರ್ ಮುಂದೆ ಕೂತು ಕಲಿತೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಇಷ್ಟು ವರ್ಷ ಬೇರೆಯವರ ಹೆಸರನ್ನು ದಪ್ಪಕ್ಷರದಲ್ಲಿ ಬರೆದವನು ಈಗ ನನ್ನ ಸಮಾಚಾರ ಬರೆಯಲು ಕೂತಿದ್ದೇನೆ, ಏಕೆಂದರೆ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ಬದುಕಿರುವ ನನ್ನ ಅಕ್ಕನ ಗಂಡನನ್ನು ನಾನು ಮಂಡ್ಯದಿಂದ ಮದ್ದೂರಿನವರೆಗೆ, ಮದ್ದೂರಿನಿಂದ ಮಳವಳ್ಳಿಯವರೆಗೆ ಸಾಯಿಸಿದೆ. ಮಚ್ಚು ದೊಣ್ಣೆ ಏನೂ ಹಿಡಿಯಲಿಲ್ಲ. ಬಹಳ ಅಚ್ಚುಕಟ್ಟಾಗಿ, ಎಲ್ಲ ಕಡೆ ಒಂದೇ ಅಕ್ಷರ, ಒಂದೇ ಬಣ್ಣ, ಒಂದೇ ಪಟ ಹಾಕಿ ಸಾಯಿಸಿದೆ.

ಭಾವನ ಊರು ಕೊತ್ತತ್ತಿ. ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು, ಕೊಟ್ಟಿಗೆಯಲ್ಲಿ ಹಸು. ಇದೆಲ್ಲ ಹೊಟ್ಟೆಪಾಡು. ಹಬ್ಬ ಬಂತೆಂದರೆ ಅವರು ಪೌರಾಣಿಕ ನಾಟಕದ ರಾಜ. ಕಿರೀಟ ಇಟ್ಟು, ಗದೆ ಹೊತ್ತು, ಹಾರ್ಮೋನಿಯಂ ಪಕ್ಕ ನಿಂತು ರಾಗ ಎತ್ತಿದರೆ ಆಚೆಯ ಊರು ಹೊಳಲಿನವರೆಗೂ ಕೇಳಿಸುತ್ತಿತ್ತಂತೆ. ಹಾಗೆಂದು ಹೇಳುವವರು ಅವರೇ. ಅದೇ ನಾಟಕಗಳಿಗೆ ನಾನು ಪರದೆ ಬರೆಯುತ್ತಿದ್ದೆ. ಅರಮನೆ, ಕಾಡು, ಊರಿನ ಬೀದಿ. ಒಂದು ಅರಮನೆ ಬರೆಯಬೇಕಾದರೆ ಬೆನ್ನು ಬಿದ್ದು ಹೋಗುತ್ತಿತ್ತು. ಭಾವ ಅದರ ಮುಂದೆ ಬಂದು ತೊಡೆ ತಟ್ಟಿ ನಿಂತರೆ ಅರಮನೆಯನ್ನು ಯಾರೂ ನೋಡುತ್ತಿರಲಿಲ್ಲ.

ಜನ ಅವರಿಗೆ ಹಾರ ಹಾಕುತ್ತಿದ್ದರು. ಆಗ ಅವರು ಮೈಕಿನಲ್ಲಿ, "ನಮ್ ಬಾಮೈದನೂ ಬಂದವ್ನೆ ಕಣ್ರಪ್ಪ, ಬಣ್ಣ ಬಳಿಯೋನು. ಅವನ್ಗೂ ಒಂದ್ ಆರ ಆಕಿ, ಬೇಜಾರ್ ಮಾಡ್ಕತಾನೆ" ಎನ್ನುತ್ತಿದ್ದರು. ಜನ ಹೋ ಎಂದು ನಗುತ್ತಿದ್ದರು. ಭಾವ ಭಾಮೈದರ ನಡುವೆ ಇಂಥ ಮಾತು ಸಲ್ಲುತ್ತದೆ. ನಾನೂ ನಗುತ್ತಿದ್ದೆ. ಆದರೆ ನಕ್ಕು ಮರೆಯುತ್ತಿರಲಿಲ್ಲ. ಬಟ್ಟೆಗೆ ಹತ್ತಿದ ಎನಾಮಲ್ ಬಣ್ಣದ ಹಾಗೆ ಅದು ಒಳಗೆ ಉಳಿಯುತ್ತಿತ್ತು.

ಕೆಲವು ವರ್ಷಗಳ ಹಿಂದೆ ಮಳವಳ್ಳಿ ಕಡೆಯ ಯುವಕನೊಬ್ಬ ಸಿನಿಮಾ ಮಾಡಲು ಹೊರಟ. ಸಿನಿಮಾ ಕಲಿಸುವ ಶಾಲೆಯೊಂದರಲ್ಲಿ ಓದಿ ಬಂದಿದ್ದ. ಮದ್ದೂರಿನ ಅಕ್ಕಿ ಗಿರಣಿಯ ಯಜಮಾನರೊಬ್ಬರು ನಿರ್ಮಾಪಕರಾದರು. ಕಥೆ ಒಬ್ಬ ಮುದುಕ ನೀರುಗಂಟಿಯದು. ನಾಲೆಯ ತೂಬು ತಿರುಗಿಸಿ, ಸರದಿ ಪ್ರಕಾರ ಊರಿನವರ ಗದ್ದೆಗಳಿಗೆ ನೀರು ಬಿಡುವವನು. ಆ ಪಾತ್ರಕ್ಕೆ ನಿರ್ದೇಶಕ ನಮ್ಮ ಭಾವನನ್ನು ಆರಿಸಿದ. ಹೀರೋಯಿನ್ ಯಾರು ಎಂದು ಭಾವ ಮೀಸೆ ತೀಡುತ್ತ ಕೇಳಿದರೆ, "ನಾಲೆನೇ ಹೀರೋಯಿನ್" ಎಂದನಂತೆ. ಚಿತ್ರದ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ನೆನಪಿಗೆ ಬರುವುದಿಲ್ಲ. ಅದಕ್ಕೆ ಕಾರಣನಾದವನೇ ಇದನ್ನು ಬರೆಯುತ್ತಿರುವುದು.

ನನಗೂ ಒಂದು ಪಾತ್ರ ಕೊಟ್ಟಿದ್ದರು. ಹೋಟೆಲಿನಲ್ಲಿ ಟೀ ಕುಡಿಯುತ್ತ "ನೀರು ಬುಟ್ರಾ?" ಎಂದು ಕೇಳುವವನು. ಚೆನ್ನಾಗಿಯೇ ಕೇಳಿದೆ ಎಂದುಕೊಂಡಿದ್ದೆ. ಆಮೇಲೆ ನಿರ್ದೇಶಕ, "ಲೆಂತ್ ಜಾಸ್ತಿ ಆಯ್ತು ಸರ್, ಆ ಸೀನ್ ತೆಗೆದೆ" ಎಂದ. ಭಾವನಿಗೆ ಇದು ಗೊತ್ತಾಗಿ, "ಅಲ್ಲ ಕಣ್ಲಾ, ಟೀ ಕುಡಿಯೋಕೂ ಬರ್ದೇ ಓಯ್ತಲ್ಲ ನಿಂಗೆ" ಎಂದು ಬೀಗರೂಟದಲ್ಲಿ ಎಲ್ಲರ ಮುಂದೆ ಹೇಳಿದರು.

ಸಿನಿಮಾ ಮುಗಿದು ಪ್ರಚಾರದ ಕೆಲಸ ನನ್ನ ಅಂಗಡಿಗೆ ಬಂತು. ನಿರ್ದೇಶಕ ಫೋನು ಹಿಡಿದು ಪಕ್ಕದಲ್ಲಿ ಕೂತ.

"ಸರ್, ಇದು ಹೊರದೇಶದ್ದೊಂದು ಸಿನಿಮಾ. ಪೋಸ್ಟರು, ಟಿಕೆಟ್ಟು, ಬಸ್ಸಿನ ಹಿಂದೆ, ಕಾಫಿ ಲೋಟ, ಎಲ್ಲದರ ಮೇಲೂ ಅದೇ ಅಕ್ಷರ, ಅದೇ ಬಣ್ಣ, ಅದೇ ಪಟ. ನಮ್ಮಲ್ಲಿ ಊರಿಗೊಂದು ಥರ ಮಾಡ್ತಾರೆ. ನಮ್ಮದು ಹಂಗಾಗಬಾರದು. ಮಂಡ್ಯದಲ್ಲಿ ನೋಡಿದವನು ಮಳವಳ್ಳಿಗೆ ಹೋದರೂ ಅದೇ ಕಾಣಬೇಕು. ದೂರದಿಂದ ನೋಡಿದ ತಕ್ಷಣ, ಓದೋಕೆ ಮುಂಚೆನೇ, ಇದು ಏನು ಅಂತ ಜನಕ್ಕೆ ಗೊತ್ತಾಗಬೇಕು."

ಅವನು ಬೇಡಿಕೊಂಡದ್ದು ಅಕ್ಷರಶಃ ನೆರವೇರಿತು.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಒಂದು ಸಿನಿಮಾಕ್ಕೆ ಎಷ್ಟು ಜನ ಫ್ಲೆಕ್ಸ್ ಹಾಕಿಸುತ್ತಾರೋ ಅಷ್ಟು ಥರದ ಸಿನಿಮಾ ಕಾಣುತ್ತದೆ. ಮಂಡ್ಯದಲ್ಲಿ ನಾಯಕ ಸಿಂಹದ ಮೇಲೆ ಕೂತಿದ್ದರೆ ಮದ್ದೂರಿನಲ್ಲಿ ಟ್ರ್ಯಾಕ್ಟರ್ ಮೇಲೆ ಕೂತಿರುತ್ತಾನೆ. ಮಳವಳ್ಳಿಗೆ ಹೋಗುವಷ್ಟರಲ್ಲಿ ನಾಯಕನೇ ಸಣ್ಣವನಾಗಿ, ಶುಭ ಕೋರುವವರು ಅವನಿಗಿಂತ ದೊಡ್ಡವರಾಗಿರುತ್ತಾರೆ. ಇದನ್ನೆಲ್ಲ ನಿಲ್ಲಿಸುತ್ತೇನೆ ಎಂದು ಆ ಹುಡುಗ ಹೊರಟಿದ್ದ. "ನೀವು ಓಕೆ ಮಾಡದೆ ಒಂದು ಚೂರು ಕಾಗದವೂ ಹೊರಗೆ ಹೋಗಬಾರದು ಸರ್. ತೆರೆ ಮೇಲೆ ಪ್ರಚಾರ ವಿನ್ಯಾಸ ಅಂತ ನಿಮ್ಮ ಹೆಸರು ಹಾಕ್ತೀನಿ" ಎಂದ. ನನ್ನನ್ನು ಅಂಗಡಿಗೆ ಬರುವವರು "ಫ್ಲೆಕ್ಸಣ್ಣ" ಎಂದು ಕರೆಯುತ್ತಾರೆ. ಇವನ ಬಾಯಲ್ಲಿ ಮಾತಿಗೊಂದು ಸರ್. ನಾನು ಕರಗಿದೆ.

ಮೊದಲು ಬಣ್ಣ ತೀರ್ಮಾನವಾಗಬೇಕಿತ್ತು. ಮದ್ದೂರಿನ ಗಿರಣಿಯ ಆಫೀಸಿನಲ್ಲಿ ಸಭೆ. ಗದ್ದೆಯ ಕಥೆಯಲ್ಲವೇ, ಹಸಿರು ಇರಲಿ ಎಂದೆ.

"ಬ್ಯಾಡ ಕಣ್ರೀ," ಎಂದರು ನಿರ್ಮಾಪಕರು. "ಅಸ್ರು ಆಕುದ್ರೆ ರೈತರ ಮೀಟಿಂಗು ಅಂತಾರೆ. ಇಲ್ದಿದ್ರೆ ಪಾರ್ಟಿ ಅಂತಾರೆ. ನಂಗೆ ಎಲ್ಲಾ ಪಾರ್ಟಿಯೋರೂ ಅಕ್ಕಿ ಗಿರಾಕಿಗಳು."

"ಕೇಸರಿ?"

"ಅದೂ ಪಾರ್ಟಿ."

"ನೀಲಿ?"

"ಅದ್ಕೂ ಜನ ಅವ್ರೆ."

"ಅರಿಸಿನ, ಕೆಂಪು?"

"ಬಾವುಟ ಆಯ್ತದೆ. ನವೆಂಬರ್ ಬಂದ್ಬುಡ್ತಾ ಅಂತಾರೆ."

"ಬರೀ ಕೆಂಪು?"

"ಟ್ರಾನ್ಸ್‌ಫಾರ್ಮರ್ ಮ್ಯಾಲೆ ಇರ್ತದಲ್ಲ, ಮುಟ್ಟಿದ್ರೆ ಸಾವು ಅಂತ, ಅಂಗ್ ಕಾಣ್ತದೆ."

ಗುಲಾಬಿ ಎನ್ನಲು ನನಗೇ ಧೈರ್ಯ ಬರಲಿಲ್ಲ. ಹೀಗೆ ಒಂದೊಂದಾಗಿ ತೆಗೆದು ಹಾಕುತ್ತ ಬಂದರೆ ನಮ್ಮ ಜಿಲ್ಲೆಯಲ್ಲಿ ವಾರಸುದಾರರಿಲ್ಲದೆ ಉಳಿದದ್ದು ಕಪ್ಪು ಬಿಳುಪು ಮಾತ್ರ. ನಿರ್ದೇಶಕ ಕುರ್ಚಿಯಿಂದ ಎದ್ದೇ ಬಿಟ್ಟ. "ಬ್ಲ್ಯಾಕ್ ಅಂಡ್ ವೈಟ್! ತುಂಬಾ ಕ್ಲಾಸ್ ಆಗಿರುತ್ತೆ ಸರ್!" ನಿರ್ಮಾಪಕರು, "ಕ್ಲಾಸೋ ಮಾಸೋ, ಗಲಾಟೆ ಆಗ್ದೇ ಇದ್ರೆ ಸರಿ" ಎಂದರು.

ಆಮೇಲೆ ಮುಖಗಳ ತಕರಾರು. ಕೆಳಗೆ ಶುಭ ಕೋರುವವರ ಪಟಗಳ ಸಾಲು ಇರಲೇಬೇಕು ಎಂದರು ನಿರ್ಮಾಪಕರು. ಒಂದೇ ಮುಖ, ಎರಡನೆಯದಿಲ್ಲ ಎಂದ ನಿರ್ದೇಶಕ. ಕೊನೆಗೆ ರಾಜಿಯಾಯಿತು. ಪಟಗಳು ಬೇಡ, "ಗೆಳೆಯರ ಬಳಗ ಹಾಗೂ ಕೊತ್ತತ್ತಿ ಗ್ರಾಮಸ್ಥರು" ಎಂದು ಒಂದು ಸಾಲು ಇರಲಿ. ಆ ಒಂದು ಮುಖದ ಪಟ ವೃತ್ತದಲ್ಲಿರಬೇಕು ಎಂದ ನಿರ್ದೇಶಕ. ಆಗ ಅದು ಗೋಡೆಗೂ, ಆಟೋ ಹಿಂದಿನ ಸ್ಟಿಕ್ಕರಿಗೂ, ಫೋನಿನಲ್ಲಿ ಮುಖ ಹಾಕಿಕೊಳ್ಳುವ ಆ ದುಂಡನೆ ಜಾಗಕ್ಕೂ ಒಂದೇ ಥರ ಒಪ್ಪುತ್ತದೆ. ಅದಕ್ಕೆ ಅವನು ಆರಿಸಿದ್ದು ಕೊನೆಯ ದೃಶ್ಯದ ಪಟ: ಭಾವ ಬಾಯಿ ಮುಚ್ಚಿಕೊಂಡು ನೇರವಾಗಿ ನಮ್ಮನ್ನೇ ನೋಡುತ್ತಿರುವುದು. ಮುಖದಲ್ಲಿ ಒಂದು ಗೆರೆ ಅಲುಗಿಲ್ಲ. "ಭಾವನೆ ತೋರಿಸದೇ ಇರೋದೇ ಇಲ್ಲಿ ಭಾವನೆ ಸರ್."

ಇದೇ ಸುಮಾರಿಗೆ ಭಾವ ಅಂಗಡಿಗೆ ಬಂದರು. ಜೇಬಿನಿಂದ ಕವರಿನಲ್ಲಿ ಸುತ್ತಿದ ಒಂದು ಪಟ ತೆಗೆದು ಮೇಜಿನ ಮೇಲಿಟ್ಟರು. ನಾಲೆಗೆ ನೀರು ಬಂದ ದೃಶ್ಯ ತೆಗೆಯುವಾಗ ಯಾರೋ ಕ್ಲಿಕ್ಕಿಸಿದ್ದು. ತಲೆಗೆ ಕೆಂಪು ಟವೆಲ್ಲು, ಹಿಂದೆ ಭತ್ತದ ಗದ್ದೆ, ಬಾಯಿ ತುಂಬ ನಗು. ಮುಂದಿನ ಹಲ್ಲೊಂದು ಬಿದ್ದು ಹೋದ ಜಾಗವೂ ಕಾಣುತ್ತಿತ್ತು.

"ಇದ್ನ ಆಕ್ಲಾ," ಎಂದರು. ಅವರ ದನಿ ಎಂದಿನಂತೆ ಜೋರಾಗಿರಲಿಲ್ಲ. "ನಾಟಕದ ಪಾಂಪ್ಲೆಟ್ನಲ್ಲಿ ಬರೀ ಎಸ್ರು ಬತ್ತಿತ್ತು. ಅದೂ ಸಣ್ಣಕ್ಷರ್ದಲ್ಲಿ. ಮ್ಯಾಲೆ ಕಿರೀಟ, ಮಕದ್ ತುಂಬ ಬಣ್ಣ, ನಾನ್ಯಾರು ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗ್ಲಿಲ್ಲ. ಮಂಡ್ಯದ ಟಾಕೀಸ್ ಮುಂದೆ ಒಂದ್ಸಲ ನನ್ ಮಕ ಇಂಗೇ ಕಾಣ್ಬೇಕು ಕಣ್ಲಾ. ಬಣ್ಣದಲ್ಲಿ. ದೊಡ್ಡದಾಗಿ. ಮಿಕ್ಕಿದ್ದು ನೀವ್ ಏನಾರ ಮಾಡ್ಕಳಿ."

ಹಾಕುತ್ತೇನೆ ಎಂದೆ. ಪಟವನ್ನು ಸ್ಕ್ಯಾನ್ ಮಾಡಿ ಅವರ ಎದುರೇ ಕಂಪ್ಯೂಟರಿಗೆ ಸೇರಿಸಿದೆ. ಅವರು ಪರದೆಯ ಮೇಲೆ ಅದನ್ನು ನೋಡಿ, ಹಲ್ಲಿಲ್ಲದ ಜಾಗವನ್ನು ತೋರಿಸಿ, "ಇದ್ನ ಮುಚ್ಬ್ಯಾಡ, ಇರ್ಲಿ" ಎಂದು ಹೇಳಿ ಹೋದರು. ನನ್ನಿಂದ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಈಗ ನನ್ನ ತಪ್ಪಿನ ಹತ್ತಿರ ಬಂದೆ.

ಎಲ್ಲ ತೀರ್ಮಾನಗಳನ್ನೂ ಸೇರಿಸಿ ನಾನು ಮೊದಲ ಮಾದರಿ ಜೋಡಿಸಿದೆ. ಬಿಳಿ ನೆಲ. ನಡುವೆ ವೃತ್ತ. ವೃತ್ತದೊಳಗೆ ಕಪ್ಪು ಬಿಳುಪಿನಲ್ಲಿ ವಯಸ್ಸಾದವರ ಮುಖ. ಮೇಲೆ ಮೃದುವಾದ ಅಕ್ಷರದಲ್ಲಿ ಹೆಸರು. ವೃತ್ತದ ಕೆಳಗೆ ಬಿಡುಗಡೆಯ ದಿನಾಂಕ. ಅದರ ಕೆಳಗೆ ಗೆಳೆಯರ ಬಳಗ ಹಾಗೂ ಗ್ರಾಮಸ್ಥರು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಇಂಥ ಫ್ಲೆಕ್ಸನ್ನು ನಾನು ಮಾಡದ ವಾರವಿಲ್ಲ. ಎರಡು ಬದಿಗೆ ಎರಡು ದೀಪ ಇಟ್ಟು ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆದರೆ ಮುಗಿಯಿತು. ಜಮೀನುದಾರರು ಸತ್ತರೂ ಅದೇ, ಮೇಷ್ಟ್ರು ಸತ್ತರೂ ಅದೇ, ಪೂಜಾರರು ಸತ್ತರೂ ಅದೇ. ಆ ಹುಡುಗ ಹೊರದೇಶದಲ್ಲಿ ಹುಡುಕುತ್ತಿದ್ದ ಏಕರೂಪ ನಮ್ಮ ಮೂರು ತಾಲೂಕುಗಳಲ್ಲಿ ಮೊದಲೇ ಇತ್ತು. ಬದುಕಿರುವವರ ವಿಷಯದಲ್ಲಿ ಯಾರೂ ಒಪ್ಪದ ಬಣ್ಣ, ಅಳತೆ, ಅಕ್ಷರಗಳನ್ನು ಸತ್ತವರ ವಿಷಯದಲ್ಲಿ ಎಲ್ಲರೂ ಒಪ್ಪಿದ್ದರು.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಳವಳ್ಳಿ ಹುಡುಗನಿಗೆ ಫ್ಲೆಕ್ಸ್ ನೋಡುವ ಅಭ್ಯಾಸವಿರಲಿಲ್ಲ, ಅವನು ಫೋನು ನೋಡಿಕೊಂಡೇ ಓಡಾಡುವವನು. ಗಿರಣಿಯವರು ಕನ್ನಡಕ ಹಾಕದೆ ನೋಡಿ ತಮ್ಮ ಹೆಸರು ಸರಿಯಾಗಿದೆಯೇ ಎಂದಷ್ಟೇ ಕೇಳಿದರು. ಗೊತ್ತಿದ್ದವನು ನಾನೊಬ್ಬ. ಹೇಳಲಿಲ್ಲ. ಹೇಳಿದರೆ ಎಲ್ಲವನ್ನೂ ಮೊದಲಿಂದ ಮಾಡಬೇಕು, ಸರ್ ಎನ್ನುವವನ ಮುಂದೆ ಸಣ್ಣವನಾಗಬೇಕು ಎಂಬುದು ಒಂದು ನೆಪ. ನಿಜವಾದದ್ದು ಬೇರೆ. ಪಕ್ಕದ ಕಡತದಲ್ಲಿ ಬಾಯಿ ತುಂಬ ನಗುವ ಭಾವ ಇದ್ದರು. ಅವರು ಹಾಗೆಯೇ ಟಾಕೀಸಿನ ಎತ್ತರಕ್ಕೆ ನಿಂತು ನಗುವುದು ನನಗೆ ಬೇಡವಾಗಿತ್ತು. ಅವರು ಸಾಯಲಿ ಎಂದು ನಾನು ಎಣಿಸಲಿಲ್ಲ, ದೇವರಾಣೆ. ಸ್ವಲ್ಪ ಮಂಕಾಗಿರಲಿ ಎಂದುಕೊಂಡೆ.

ಪ್ರಿಂಟ್ ಬಟನ್ ಒತ್ತಿದೆ.

ಕಟ್ಟುವ ಕೆಲಸ ಮಳವಳ್ಳಿಯಿಂದ ಶುರುವಾಯಿತು. ಮದ್ದೂರಿನ ಬಸ್ ಸ್ಟ್ಯಾಂಡು, ವೈದ್ಯನಾಥಪುರದ ದಾರಿ, ಆಟೋಗಳ ಬೆನ್ನು, ಎಲ್ಲ ಕಡೆ ಭಾವ ದುಂಡನೆ ವೃತ್ತದಿಂದ ಜನರನ್ನು ನೋಡತೊಡಗಿದರು. ನಿರ್ದೇಶಕನ ಆಜ್ಞೆಯಂತೆ ಕೊತ್ತತ್ತಿಯ ಹುಡುಗರೆಲ್ಲ ಫೋನಿನಲ್ಲಿ ತಮ್ಮ ಮುಖ ತೆಗೆದು ಭಾವನ ಮುಖ ಹಾಕಿಕೊಂಡರು. ನಮ್ಮಲ್ಲಿ ವಯಸ್ಸಾದವರ ಕಪ್ಪು ಬಿಳುಪು ಮುಖ ಫೋನಿಗೆ ಬಂದರೆ ಯಾರೂ ಓದುತ್ತ ಕೂರುವುದಿಲ್ಲ. ಬೆರಳು ತಾನಾಗಿ ಓಂ ಶಾಂತಿ ಎಂದು ಒತ್ತುತ್ತದೆ. ಒಬ್ಬರು ಒತ್ತಿದರೆ ಗುಂಪಿನವರೆಲ್ಲ ಒತ್ತುತ್ತಾರೆ. ನಿರ್ಮಾಪಕರ ಷಡ್ಡಕರೇ ಕೈ ಮುಗಿದ ಚಿತ್ರವೊಂದನ್ನು ಕಳಿಸಿದ್ದರು.

ಕೊತ್ತತ್ತಿಯ ಊರ ಬಾಗಿಲಿನ ಫ್ಲೆಕ್ಸನ್ನು ನಾನೇ ಕಟ್ಟಬೇಕೆಂದು ಹೋಗಿದ್ದೆ. ಬೆಳಗಿನ ಹೊತ್ತು. ಏಣಿ ಮೇಲೆ ನಿಂತು ತಂತಿ ಬಿಗಿಯುತ್ತಿದ್ದಾಗ ಮಳವಳ್ಳಿ ಕಡೆಯಿಂದ ಒಂದು ಗೂಡ್ಸ್ ಆಟೋ ಬಂತು. ಅದರ ತುಂಬ ಹೆಂಗಸರು. ಮುಂದೆ ಭಾವನ ಚಿಕ್ಕಮ್ಮ, ಮಡಿಲಲ್ಲಿ ಸೇವಂತಿಗೆ ಹಾರ. ಸಾವಿನ ಮನೆಗೆ ಹೋಗುವವರು ಮನೆ ಬಾಗಿಲವರೆಗೆ ಕಾಯುವುದಿಲ್ಲ, ಊರು ಕಂಡ ಕೂಡಲೇ ಅಳು ಶುರು ಮಾಡಬೇಕು. ಆಕೆ ಫ್ಲೆಕ್ಸನ್ನು ನೋಡಿದರು, ಅದನ್ನು ಕಟ್ಟುತ್ತಿರುವ ಸತ್ತವನ ಭಾಮೈದನನ್ನು ನೋಡಿದರು. ಇನ್ನೇನು ಸಾಕ್ಷಿ ಬೇಕು? ಇಳಿದವರೇ ನನ್ನ ಏಣಿಯನ್ನು ತಬ್ಬಿಕೊಂಡರು.

"ಅಯ್ಯೋ ನನ್ನಪ್ಪಾ! ಕಿರೀಟ ಇಟ್ರೆ ದೊರೆ ಕಂಡಂಗ್ ಕಾಣ್ತಿದ್ಯಲ್ಲೋ! ನಿನ್ ಗಂಟ್ಲು ಕೇಳಿದ್ರೆ ಕಟ್ಟಿದ್ ದನ ಕಣ್ಣಿ ಕಿತ್ಕಂಡ್ ಓಡ್ತಿದ್ವಲ್ಲೋ! ನಂಗೊಂದ್ ಸೀರೆ ತತ್ತೀನಿ ಅಂದಿದ್ಯಲ್ಲೋ, ತರ್ದೇನೆ ಓಗ್ಬುಟ್ಯಲ್ಲೋ!"

ಏಣಿ ಅಲುಗಾಡುತ್ತಿತ್ತು. ನಾನು ತಂತಿಯನ್ನೇ ಬಿಗಿಯಾಗಿ ಹಿಡಿದುಕೊಂಡೆ. ಆ ಹೊತ್ತಿಗೆ ನಾಲೆ ಏರಿಯ ಮೇಲಿಂದ, ತಲೆ ಮೇಲೆ ಹಸುವಿನ ಹುಲ್ಲಿನ ಹೊರೆ ಹೊತ್ತು ಸತ್ತವರೇ ಬಂದರು. ಹುಲ್ಲಿನೊಳಗೆ ಮುಖ ಕಾಣುತ್ತಿರಲಿಲ್ಲ. ನಿಂತು ಅಷ್ಟನ್ನೂ ಕೇಳಿಸಿಕೊಂಡು, "ಸೀರೆ ತತ್ತೀನಿ ಕಣವ್ವ, ಅದ್ಕ್ಯಾಕ್ ಇಷ್ಟೊಂದು ಅಳ್ತಿದ್ದೀಯ?" ಎಂದರು.

ಚಿಕ್ಕಮ್ಮ ಕಿರುಚಿ ಏಣಿ ಬಿಟ್ಟರು. ಭಾವ ಹೊರೆ ಇಳಿಸಿದರು.

"ಬದ್ಕಿದ್ದೀಯೇನ್ಲಾ!"

"ಇದ್ದಂಗ್ ಅದೆ. ಯಾಕ್ ನಿಲ್ಸ್‌ಬುಟ್ಟೆ, ಇನ್ನೊಸಿ ಅಳು. ಕಿರೀಟದ್ ಇಸ್ಯ ಏಳ್ತಿದ್ದೆ, ಕೇಳೋಕ್ ಚೆಂದಾಗಿತ್ತು."

"ನಿನ್ ಮಕಕ್ಕಿಷ್ಟು!" ಎಂದು ಆಕೆ ಅವರ ಬೆನ್ನಿಗೆ ಗುದ್ದಿದರು. "ಸಾಯ್ದೆ ಇರೋನು ಒಂದ್ ಮಾತ್ ಏಳ್ಬಾರ್ದಾ? ಒಲೆ ಮ್ಯಾಲಿಂದ ಎಸ್ರು ಇಳ್ಸಿ ಬಂದಿದ್ದೀವಿ ಕಣೋ!"

ಹಾರದ ಸಮಸ್ಯೆ ಉಳಿಯಿತು. ಹೆಣಕ್ಕೆಂದು ತಂದ ಹಾರವನ್ನು ಬದುಕಿರುವವನಿಗೆ ಹಾಕುವಂತಿಲ್ಲ, ಮನೆಗೆ ವಾಪಸು ಒಯ್ಯುವಂತಿಲ್ಲ. "ಬಾಮೈದನ್ಗ್ ಆಕ್ರವ್ವ," ಎಂದರು ಭಾವ, "ಯಾವತ್ತಿಂದ್ಲೂ ಒಂದ್ ಆರ ಬಾಕಿ ಅದೆ ಅವನ್ಗೆ." ಹೆಂಗಸರು ನಕ್ಕರು. ಅಷ್ಟರಲ್ಲಿ ಅಳು ಕೇಳಿ ಅಕ್ಕ ಓಡಿ ಬಂದಿದ್ದಳು. ಹಾರವನ್ನು ಕಿತ್ತುಕೊಂಡು ನಾಲೆಗೆ ಎಸೆದಳು. ಆಮೇಲೆ ತಲೆ ಎತ್ತಿ ಫ್ಲೆಕ್ಸನ್ನು ನೋಡಿದಳು. ಅವಳಿಗೆ ಓದು ಬರುವುದಿಲ್ಲ. ಓದುವ ಮುಂಚೆಯೇ ಗೊತ್ತಾಗಬೇಕು ಎಂದಿದ್ದನಲ್ಲ ನಿರ್ದೇಶಕ, ಅವಳಿಗೆ ಗೊತ್ತಾಯಿತು.

"ಏನ್ಲಾ," ಎಂದಳು, "ಒಡುಟ್ಟಿದ್ ಅಕ್ಕನ ಕುಂಕುಮ ಅಳ್ಸೋಕೆ ಏಣಿ ಆಕ್ಕಂಡ್ ಅತ್ತಿದ್ದೀಯಾ?"

"ನಂದೇನೂ ಇಲ್ಲ ಕಣಕ್ಕ. ಡೈರೆಕ್ಟ್ರು ಹಿಂಗೇ ಇರ್ಬೇಕು ಅಂದವ್ರೆ. ಎಲ್ಲಾ ಕಡೆ ಒಂದೇ ಥರ ಇರ್ಬೇಕಂತೆ."

"ಡೈರೆಕ್ಟ್ರುಗೆ ಕಣ್ಣಿಲ್ಲ. ನಿಂಗೂ ಇಲ್ವಾ?"

ಭಾವ ಅಷ್ಟು ಹೊತ್ತೂ ತಮ್ಮ ಮುಖವನ್ನೇ ನೋಡುತ್ತಿದ್ದರು. ಹೆಂಗಸರ ಗದ್ದಲ ಇಳಿದ ಮೇಲೆ ಮೆಲ್ಲಗೆ, "ನಗೋದು ಎಲ್ಲಿ?" ಎಂದರು.

"ಅದು ಟಾಕೀಸ್ ಮುಂದಕ್ಕೆ ಬಾವ," ಎಂದೆ. ಅಂಥದ್ದೇನೂ ಇರಲಿಲ್ಲ. ಏಣಿ ಮೇಲೆ ನಿಂತವನಿಗೆ ಸುಳ್ಳು ಸುಲಭವಾಗಿ ಬರುತ್ತದೆ, ಕೇಳುವವರ ಕಣ್ಣು ದೂರವಿರುತ್ತದೆ.

ಮಧ್ಯಾಹ್ನದೊಳಗೆ ಸುದ್ದಿ ಎಲ್ಲ ಕಡೆ ಹಬ್ಬಿ, ನಿರ್ಮಾಪಕರು ಫೋನಿನಲ್ಲಿ ಕೂಗಾಡಿದರು. ಎಲ್ಲವನ್ನೂ ಕಿತ್ತು ಹೊಸದು ಹಾಕೋಣ ಎಂದು ಹೇಳುವ ಎರಡನೆಯ ಅವಕಾಶ ನನಗೆ ಅಲ್ಲಿತ್ತು. ನಗುವ ಪಟ ಸಿದ್ಧವಾಗಿಯೇ ಇತ್ತು. ನಿರ್ದೇಶಕ, "ಈಗ ಬದಲಾಯಿಸಿದರೆ ಇಷ್ಟು ದಿನ ಜನರ ಮನಸ್ಸಲ್ಲಿ ಕೂತಿದ್ದೆಲ್ಲ ಹೋಗುತ್ತೆ ಸರ್" ಎಂದ. ಜನರ ಮನಸ್ಸಲ್ಲಿ ಏನು ಕೂತಿದೆ ಎಂದು ಅವನಿಗೆ ವಿವರಿಸಲು ಹೋಗದೆ ನಾನು ಹೌದು ಎಂದೆ. ಕೊನೆಗೆ ನಿರ್ಮಾಪಕರೇ ಪರಿಹಾರ ಕಂಡುಹಿಡಿದರು. ಎಲ್ಲ ಫ್ಲೆಕ್ಸುಗಳ ಮೇಲೂ ಅಡ್ಡಲಾಗಿ ಒಂದು ಪಟ್ಟಿ ಅಂಟಿಸುವುದು: "ಇವರು ಆರೋಗ್ಯವಾಗಿದ್ದಾರೆ." ನಿರ್ದೇಶಕ ಒಪ್ಪಿದ, ಪಟ್ಟಿಯೂ ಅದೇ ಅಕ್ಷರದಲ್ಲಿ, ಅದೇ ಕಪ್ಪು ಬಿಳುಪಿನಲ್ಲಿ, ಎಲ್ಲ ಕಡೆ ಒಂದೇ ಅಳತೆಯಲ್ಲಿ ಇರಬೇಕೆಂಬ ಷರತ್ತಿನ ಮೇಲೆ.

ಅದನ್ನೂ ಮಾಡಿದೆ. ಸತ್ತಿದ್ದ ಭಾವ ಈಗ ಆಸ್ಪತ್ರೆ ಸೇರಿದರು. ಮದ್ದೂರಿನ ಟೀ ಅಂಗಡಿಯಲ್ಲಿ ಇಬ್ಬರು ಆ ಫ್ಲೆಕ್ಸ್ ನೋಡಿ ಮಾತಾಡುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ.

"ಯಾವ್ ಆಸ್ಪತ್ರೆಲವ್ರಂತೆ?"

"ಗೊತ್ತಿಲ್ಲ. ಆರೋಗ್ಯವಾಗವ್ರೆ ಅಂತ ಬೋರ್ಡ್ ಆಕವ್ರೆ ಅಂದ್ಮೇಲೆ ಕಷ್ಟ ಅನ್ಸ್ತದೆ."

ಬಿಡುಗಡೆಯ ದಿನ ಭಾವ ಹೊಸ ಪಂಚೆ ಉಟ್ಟು, ಮುಖಕ್ಷೌರ ಮಾಡಿಸಿಕೊಂಡು, ಅಕ್ಕನ ಜೊತೆ ಕೊತ್ತತ್ತಿಯಿಂದ ಬಸ್ಸಿನಲ್ಲಿ ಬಂದರು. ನಾನು ಟಾಕೀಸಿನ ಗೇಟಿನ ಹತ್ತಿರ ನಿಂತಿದ್ದೆ. ಅವರು ರಸ್ತೆ ದಾಟುವಾಗಲೇ ತಲೆ ಎತ್ತಿದರು. ಟಾಕೀಸಿನ ನೆತ್ತಿಯ ಮೇಲೆ ಅದೇ ಬಿಳಿ ನೆಲ, ಅದೇ ವೃತ್ತ, ಅದೇ ಮುಚ್ಚಿದ ಬಾಯಿ, ಎದೆಗೆ ಅಡ್ಡಲಾಗಿ ಅದೇ ಪಟ್ಟಿ. ಎಲ್ಲ ಕಡೆಗಿಂತ ದೊಡ್ಡದು. ಅವರು ರಸ್ತೆಯ ನಡುವೆಯೇ ನಿಂತುಬಿಟ್ಟರು. ಹಿಂದಿನಿಂದ ಬೈಕಿನವನು ಹಾರ್ನ್ ಹೊಡೆದ. ಅಕ್ಕ ಕೈ ಹಿಡಿದು ಈಚೆಗೆ ಎಳೆದುಕೊಂಡಳು. ನನ್ನ ಹತ್ತಿರ ಬಂದರು. ನಾನೇ, "ಒಂದೇ ಥರ ಇರ್ಬೇಕು ಅಂತ ಹಟ ಮಾಡ್ಬುಟ್ರು ಬಾವ" ಎಂದೆ. "ಓಗ್ಲಿ ಬುಡು" ಎಂದು ಒಳಗೆ ನಡೆದರು. ಯಾರೋ ಫೋಟೋ ತೆಗೆಯುತ್ತೇನೆ, ಫ್ಲೆಕ್ಸಿನ ಕೆಳಗೆ ನಿಲ್ಲಿ ಎಂದರೆ, ಆಮೇಲೆ ಎಂದರು. ಆಮೇಲೂ ನಿಲ್ಲಲಿಲ್ಲ.

ಒಳಗೆ ನಮ್ಮ ನೆಂಟರು, ಗಿರಣಿಯ ಕೆಲಸದವರು, ನಿರ್ದೇಶಕನ ಸ್ನೇಹಿತರು. ಮಿಕ್ಕ ಕುರ್ಚಿಗಳು ಖಾಲಿ. ತೆರೆಯ ಮೇಲೆ ನನ್ನ ಹೆಸರು ಬಂತು. ನಾನು ಅದಕ್ಕಾಗಿ ಎಷ್ಟು ದಿನದಿಂದ ಕಾದಿದ್ದೆನೋ ಅದು ಅಷ್ಟು ಬೇಗ ಹೋಯಿತು. ಆಮೇಲೆ ಭಾವ ಬಂದರು. ನಾಟಕದಲ್ಲಿ ಕೂಗುತ್ತಿದ್ದ ಮನುಷ್ಯ ಇಲ್ಲಿ ಒಂದು ಮಾತನ್ನೂ ಜೋರಾಗಿ ಆಡಲಿಲ್ಲ. ತೂಬಿನ ಹತ್ತಿರ ಕೂತು ಬೀಡಿ ಹಚ್ಚುವುದು, ಪಂಚೆ ಎತ್ತಿ ಕಟ್ಟಿ ನಾಲೆಗೆ ಇಳಿಯುವುದು, ಯಾರದೋ ಗದ್ದೆಯ ಬದುವಿನ ಮೇಲೆ ನಿಂತು ಸುಮ್ಮನೆ ನೋಡುವುದು. ಒಣಗಿದ ನಾಲೆಯಲ್ಲಿ ದೂರದಿಂದ ನೀರು ಬರುವ ದೃಶ್ಯವೊಂದಿದೆ. ಕಸ ಕಡ್ಡಿ ತಳ್ಳಿಕೊಂಡು ನೀರು ಅವರ ಕಾಲಿಗೆ ಮುಟ್ಟುತ್ತದೆ, ಅವರು ನಗುತ್ತಾರೆ. ಹಲ್ಲು ಬಿದ್ದ ಜಾಗ ಕಾಣುವ ಹಾಗೆ, ಬಾಯಿ ತುಂಬ. ಇದ್ದಷ್ಟು ಜನವೂ ಅವರ ಜೊತೆ ನಕ್ಕರು. ನಾನೂ ನಕ್ಕೆ, ನಗುತ್ತಿರುವುದು ತಿಳಿದು ನಿಲ್ಲಿಸಿದೆ. ಆ ಒಂದು ನಗು ಊರ ಬಾಗಿಲುಗಳಲ್ಲಿ ಇದ್ದಿದ್ದರೆ ಜನ ಬರುತ್ತಿದ್ದರು. ಇದನ್ನು ತಿಳಿಯಲು ಸಿನಿಮಾ ಓದಿ ಬರಬೇಕಾಗಿಲ್ಲ.

ಆಟ ಬಿಟ್ಟ ಮೇಲೆ ಗೇಟಿನ ಹೊರಗೆ ಗಂಡ ಹೆಂಡಿರಿಬ್ಬರು ಫ್ಲೆಕ್ಸ್ ನೋಡುತ್ತ ನಿಂತಿದ್ದರು. ಗಂಡ ಒಳಗೆ ಹೋಗೋಣ ಎನ್ನುತ್ತಿದ್ದ. ಅವಳು, "ಬ್ಯಾಡ ನಡೀರಿ, ಪಾಪ, ಓದೋರ ಸಿನ್ಮಾ ನೋಡಿದ್ರೆ ಒಟ್ಟೆ ಉರಿತದೆ" ಎಂದಳು. ಓದೋರು, ಅಂದರೆ ತೀರಿಹೋದವರು, ಎಂದು ಅವಳು ಹೇಳಿದ ಮನುಷ್ಯ ಅವಳ ಹಿಂದೆಯೇ ಅಕ್ಕನಿಗೆ ಹೂ ಕೊಡಿಸುತ್ತಿದ್ದರು. ಕೇಳಿಸಿರಬೇಕು. ಹೂವಿನವಳಿಗೆ ಮಾತ್ರ, "ಮೊಳ ಸರ್ಯಾಗ್ ಆಕವ್ವ" ಎಂದರು.

ಆ ವಾರ ಮುಗಿಯುವ ಮುಂಚೆಯೇ ಮದ್ದೂರಿನಲ್ಲಿ ತೆಗೆದರು, ಮಳವಳ್ಳಿಯಲ್ಲಿ ತೆಗೆದರು, ಕೊನೆಗೆ ಮಂಡ್ಯದಲ್ಲೂ ತೆಗೆದರು. ಟಾಕೀಸಿನ ಮೇಲೆ ಸಿಂಹದ ಮೇಲೆ ಕೂತ ನಾಯಕನೊಬ್ಬ ಬಂದ. ನಿರ್ದೇಶಕ ಒಂದು ದಿನ ಫೋನು ಮಾಡಿ, ನಮ್ಮ ಪ್ರಚಾರ ವಿನ್ಯಾಸವನ್ನು ಅವನ ಶಾಲೆಯ ಮೇಷ್ಟ್ರು ಬಹಳ ಮೆಚ್ಚಿಕೊಂಡರು ಎಂದು ತಿಳಿಸಿದ.

ಭಾವ ನನ್ನ ಜೊತೆ ಮಾತು ಬಿಡಲಿಲ್ಲ. ಅದೇ ನನ್ನನ್ನು ಕಾಡಿತು. ಸಿಕ್ಕಾಗ ಎಂದಿನಂತೆ ರೇಗಿಸುತ್ತಿರಲಿಲ್ಲ, ಅಷ್ಟೇ. ಊಟ ಆಯ್ತಾ, ಬಿಸ್ಲು ಜಾಸ್ತಿ, ಎಂದು ಪರಸ್ಥಳದವರ ಜೊತೆ ಆಡುವ ಮಾತು ಆಡುತ್ತಿದ್ದರು. ಬಣ್ಣ ಬಳಿಯೋನು ಎಂದು ಒಮ್ಮೆ ಅಂದುಬಿಡಲಿ ಎಂದು ನಾನು ಕಾಯುವಂತಾಯಿತು. ತಡೆಯಲಾರದೆ ಒಂದು ಸಂಜೆ ಕೊತ್ತತ್ತಿಗೆ ಹೋದೆ. ಅಕ್ಕ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಭಾವ ಕೊಟ್ಟಿಗೆಯ ಮುಂದೆ ಕೂತು ಕುಡುಗೋಲು ಮಸೆಯುತ್ತಿದ್ದರು. ಕೈಯಲ್ಲಿ ಕುಡುಗೋಲಿರುವಾಗಲೇ ಹೇಳುವುದು ಒಳ್ಳೆಯದು, ಆಮೇಲೆ ಧೈರ್ಯ ಬರುವುದಿಲ್ಲ ಎನಿಸಿತು.

"ಬಾವ, ಅದು ಸತ್ತೋರ ಫ್ಲೆಕ್ಸ್ ಥರ ಕಾಣ್ತದೆ ಅಂತ ನಂಗೆ ಮೊದಲ್ನೇ ದಿನ್ವೇ ಗೊತ್ತಿತ್ತು."

ಮಸೆಯುವುದು ನಿಲ್ಲಲಿಲ್ಲ. "ಊಂ."

"ಡೈರೆಕ್ಟ್ರು ಹಟ ಮಾಡ್ಲಿಲ್ಲ. ನಗೋದನ್ನ ನಾನು ಅವರ್ಗೆ ತೋರ್ಸ್‌ಲೇ ಇಲ್ಲ."

ಈಗ ನಿಂತಿತು. ಅವರು ಕುಡುಗೋಲಿನ ಬಾಯಿಯ ಮೇಲೆ ಹೆಬ್ಬೆರಳು ಸವರಿ ನೋಡಿದರು.

"ತೋರ್ಸ್‌ಲೇ ಇಲ್ವಾ?"

"ಇಲ್ಲ ಬಾವ."

"ನಿಮ್ಮಕ್ಕ ಅವತ್ತೇ ಅಂದ್ಳು, ಇದು ಅವ್ನ ಕೆಲ್ಸನೇ ಅಂತ. ನಾನೇ ಬೈದೆ. ಅವ್ನ್ಗೆ ಅಷ್ಟು ಬುದ್ದಿ ಎಲ್ಲದೆ, ಸುಮ್ನಿರು ಅಂದೆ." ಕುಡುಗೋಲನ್ನು ತೊಡೆಯ ಮೇಲಿಟ್ಟು, "ಯಾಕ್ಲಾ?" ಎಂದರು.

ಮೈಕು, ಹಾರ, ಅರಮನೆಯ ಪರದೆ, ಟೀ ಕುಡಿಯುವ ಪಾತ್ರ, ಎಲ್ಲವೂ ಬಾಯಿಗೆ ಬಂತು. ಹೇಳಲು ಹೊರಟರೆ ಎಷ್ಟು ಸಣ್ಣ ಮಾತುಗಳು ಅವು! ಆದರೂ ಹೇಳಿದೆ. ಅವರು ಪೂರ್ತಿ ಕೇಳಿದರು. "ಅರಮನೆ ಪರ್ದೆ ಚೆಂದಾಗಿ ಬರ್ದಿದ್ದೆ," ಎಂದರು. "ಅವತ್ತೇ ನಾನ್ ನಿಂಗ್ ಏಳ್ಬೇಕಿತ್ತು. ಏಳ್ಲಿಲ್ಲ."

ಇದಕ್ಕಿಂತ ಅವರು ಹೊಡೆದಿದ್ದರೆ ವಾಸಿಯಿತ್ತು. ಏನಾದರೂ ಮಾಡಿ ಸರಿಪಡಿಸಬೇಕು ಎಂಬ ಆತುರದಲ್ಲಿ ನಾನು, "ಆ ಪಟ ಹಂಗೇ ಅದೆ ಬಾವ. ನಾಳೆನೇ ಪ್ರಿಂಟ್ ಆಕ್ತೀನಿ. ಬಣ್ಣದಲ್ಲಿ, ದೊಡ್ಡದಾಗಿ. ಮಂಡ್ಯ ಸರ್ಕಲ್ನಲ್ಲಿ ನಾನೇ ನಿಂತು ಕಟ್ತೀನಿ" ಎಂದೆ.

ಭಾವ ನನ್ನ ಮುಖ ನೋಡಿದರು. ಕೋಪ ಇರಲಿಲ್ಲ.

"ಕಟ್ಟಿ ಕೆಳ್ಗಡೆ ಏನಂತ ಬರೀತೀಯ? ನಾನೇನ್ ಎಲೆಕ್ಸನ್ಗ್ ನಿಂತಿದ್ದೀನಾ? ನನ್ ಉಟ್ಟಿದಬ್ಬ ಯಾವತ್ತು ಅಂತ ನಮ್ಮವ್ವನ್ಗೇ ಗೊತ್ತಿರ್ಲಿಲ್ಲ. ಸಾವು ಇನ್ನೂ ಬಂದಿಲ್ಲ. ಸುಮ್‌ಸುಮ್ನೆ ಒಬ್ಬ ಮುದ್ಕ ಸರ್ಕಲ್ನಲ್ಲಿ ನಿಂತ್ಕಂಡು ನಗ್ತಿದ್ರೆ ಜನ ಏನಂತಾರೆ? ಒಂದು ಸಿನ್ಮಾ ಇತ್ತು. ಅದ್ಕೇ ಅಂತ ತಂದ್ಕೊಟ್ಟಿದ್ದೆ ಕಣ್ಲಾ."

ಏನಂತ ಬರೆಯಬಹುದು ಎಂದು ನಾನು ನಿಜವಾಗಿಯೂ ಯೋಚಿಸಿದೆ. ಒಂದು ಸಾಲೂ ಹೊಳೆಯಲಿಲ್ಲ. ಅವರು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ, ಹಸುವಿನ ಮುಂದೆ ಹುಲ್ಲು ಹರಡಲು ಒಳಗೆ ಹೋದರು.